ಜೆರೇನಿಯಂ ಸತ್ತಿದೆ

ಆಗಸ್ಟ್ ಬಂತು ಅಂದ್ರೆ ಮ್ಯಾಡ್ರಿಡ್ ಅರ್ಧ ಖಾಲಿ. ಕೆಲವರು ಸಮುದ್ರದ ಕಡೆ, ಕೆಲವರು ತಮ್ಮ ಹಳ್ಳಿಗೆ ಹೊರಟುಬಿಡುತ್ತಾರೆ. ಲಾವಪಿಯೆಸ್‌ನಲ್ಲಿ ನಾನಿದ್ದ ಹಳೇ ಕಟ್ಟಡದ ಮೂರನೇ ಮಹಡಿಯಲ್ಲಿ ಆ ವರ್ಷ ಉಳಿದವಳು ನಾನೊಬ್ಬಳೇ. ಪಕ್ಕದ ಮನೆ ಅಜ್ಜಿ ಸೆಗೋವಿಯಾ ಕಡೆಯ ತಮ್ಮ ಹಳ್ಳಿಗೆ ಹೊರಡುವಾಗ ಬೀಗದ ಕೈ ನನಗೆ ಕೊಟ್ಟರು. "ತೆ ದೆಹೊ ಲಾಸ್ ಯಾಬೆಸ್, ಇಹಾ" ಅಂದರು. ಬೀಗದ ಕೈ ನಿನ್ನ ಹತ್ರ ಬಿಟ್ಟು ಹೋಗ್ತೀನಿ ಮಗಳೇ, ಅಂತ. ಬಾಲ್ಕನಿಯಲ್ಲಿ ಮೂರು ಜೆರೇನಿಯಂ ಕುಂಡಗಳಿದ್ದವು. ದಿನಾ ಸಂಜೆ ನೀರು ಹಾಕಬೇಕು, ಅಷ್ಟೇ.

ದೆಹಾರ್ ಅನ್ನೋ ಆ ಕ್ರಿಯಾಪದ ನನಗೆ ಮೊದಲ ದಿನದಿಂದಲೂ ಇಷ್ಟ. ಅದು ನಮ್ಮ 'ಬಿಡು'ವಿನ ಅಕ್ಕನೋ ತಂಗಿಯೋ ಇದ್ದ ಹಾಗೆ. ವಸ್ತು ಬಿಟ್ಟು ಹೋಗೋದಕ್ಕೂ ಅದೇ, ಸಿಗರೇಟು ಬಿಡೋದಕ್ಕೂ ಅದೇ, 'ನನ್ನನ್ನು ಹೋಗಲು ಬಿಡಿ' ಅನ್ನೋದಕ್ಕೂ ಅದೇ. ಎಲ್ಲ ಕ್ರಿಯಾಪದಗಳೂ ಹೀಗೆ ಸಲೀಸಾಗಿ ಸಿಗೋದಿಲ್ಲ. ಆಗಸ್ಟ್ 15ರಂದು ನನಗೆ ಅದು ಚೆನ್ನಾಗಿ ಗೊತ್ತಾಯಿತು.

ಅದಕ್ಕೆ ಹಿಂದಿನ ಎರಡು ದಿನ ಕೆಲಸ ಮುಗಿಸಿ ಬರುವಷ್ಟರಲ್ಲಿ ಮಧ್ಯರಾತ್ರಿ. ನೀರು ಹಾಕೋದು ತಪ್ಪಿಹೋಗಿತ್ತು. ಬೆಳಿಗ್ಗೆ ಬಾಲ್ಕನಿ ಬಾಗಿಲು ತೆಗೆದು ನೋಡಿದರೆ, ಎರಡು ಕುಂಡ ಪರವಾಗಿಲ್ಲ. ಮೂಲೆಯಲ್ಲಿದ್ದ ದೊಡ್ಡದು ಮಾತ್ರ ಪೂರ್ತಿ ಕಂದು. ಎಲೆ ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಯಿತು. ಆ ಗಿಡವನ್ನು ಅಜ್ಜಿ ತಮ್ಮ ಅಮ್ಮನ ಮನೆಯಿಂದ ತಂದ ಕಡ್ಡಿಯಿಂದ ಬೆಳೆಸಿದ್ದರು. ಆ ದಿನ ಇಡೀ ಸ್ಪೇನಿಗೆ ರಜೆ. ಅದರ ಮೇಲೆ ಮ್ಯಾಡ್ರಿಡ್‌ನಲ್ಲಿ ಲಾ ಪಲೋಮಾ ಮಾತೆಯ ಹಬ್ಬ. ಅಕ್ಕಪಕ್ಕದ ಅಂಗಡಿಗಳೆಲ್ಲ ಮುಚ್ಚಿದ್ದವು. ಗಿಡ ತೋರಿಸಿ ಏನು ಮಾಡಲಿ ಅಂತ ಕೇಳೋಣ ಅಂದ್ರೆ ಯಾರೂ ಇಲ್ಲ.

ಫೋನ್ ಮಾಡಿದೆ. ಕೈ ನಡುಗುತ್ತಿತ್ತು. "ಸೆನ್ಯೋರಾ, ಎಲ್ ಹೆರಾನಿಯೊ ಎಸ್ ಮ್ವೆರ್ತೊ" ಅಂದೆ. ಗಿಡ ಸತ್ತಿದೆ ಅಂತ ಹೇಳಬೇಕಿತ್ತು.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ, "ಎಸ್ತಾ, ಇಹಾ. ಎಸ್ತಾ ಮ್ವೆರ್ತೊ" ಅಂದರು.

ನನಗೆ ಕಣ್ಣಲ್ಲಿ ನೀರು ಬಂತು. ಕ್ಷಮೆ ಕೇಳಬೇಕು ಅಂತ "ಪ್ರೆಗುಂತೊ ಪೆರ್ದೋನ್" ಅಂದುಬಿಟ್ಟೆ. ಅದೂ ತಪ್ಪು. ಪ್ರೆಗುಂತಾರ್ ಅಂದ್ರೆ ಪ್ರಶ್ನೆ ಕೇಳೋದು. ಕ್ಷಮೆ, ಸಾಲ, ಹೋಟೆಲಿನಲ್ಲಿ ಕಾಫಿ, ಇವನ್ನೆಲ್ಲ ಕೇಳೋದಕ್ಕೆ ಪೆದಿರ್. ನಮ್ಮ 'ಕೇಳು' ಎಷ್ಟು ಉದಾರ ಅಂದ್ರೆ ಪ್ರಶ್ನೆಗೂ ಅದೇ, ಬೇಡೋದಕ್ಕೂ ಅದೇ, ಕಿವಿಗೆ ಬಿದ್ದ ಸದ್ದಿಗೂ ಅದೇ, ಮನಸ್ಸಿಟ್ಟು ಆಲಿಸಿದ ಹಾಡಿಗೂ ಅದೇ. ಸ್ಪ್ಯಾನಿಷ್‌ನಲ್ಲಿ ಅದು ನಾಲ್ಕು ಮಾತಾಗಿ ಒಡೆಯುತ್ತದೆ: ಪ್ರೆಗುಂತಾರ್, ಪೆದಿರ್, ಒಯಿರ್, ಎಸ್ಕುಚಾರ್. ಬಾಯಿ ತೆರೆಯುವ ಮುಂಚೆ ಯಾವ 'ಕೇಳು' ಅಂತ ನಿಂತು ಯೋಚಿಸಬೇಕು. ಗಾಬರಿಯಲ್ಲಿ ನಿಂತು ಯೋಚಿಸೋರು ಯಾರು?

ಏನಾದರೂ ಮಾಡಿ ಸರಿಮಾಡಬೇಕು ಅನ್ನಿಸಿತು. ನಾಳೆ ಮೊಂಕ್ಲೋವಾದಿಂದ ಬಸ್ ಹಿಡಿದು ನಿಮ್ಮ ಹಳ್ಳಿಗೆ ಬರ್ತೀನಿ, ಹೊಸ ಗಿಡ ತರ್ತೀನಿ ಅಂತ ಹೇಳಿದೆ. ಬರೋದಕ್ಕೆ ಬೆನಿರ್, ತರೋದಕ್ಕೆ ತ್ರಾಎರ್ ಬಳಸಿದೆ. ಅಜ್ಜಿ ಆ ದುಃಖದಲ್ಲೂ ತಿದ್ದಿದರು. ನೀನಿರೋದು ಮ್ಯಾಡ್ರಿಡ್‌ನಲ್ಲಿ. ನೀನು ಬರೋದಿಲ್ಲ, ಹೋಗ್ತೀಯಾ. ತರೋದಿಲ್ಲ, ತಗೊಂಡು ಹೋಗ್ತೀಯಾ. ಸ್ಪೇನಿನವರಿಗೆ ಮಾತಾಡುವವರು ನಿಂತ ಜಾಗವೇ ಲೆಕ್ಕ. ನಾವು ಕೇಳುವವರ ಜಾಗಕ್ಕೂ ಬೆಲೆ ಕೊಡುತ್ತೇವೆ. ಫೋನಿನಲ್ಲಿ 'ನಿಮ್ಮನೆಗೆ ಹೋಗ್ತೀನಿ' ಅಂತ ಯಾರಾದರೂ ಹೇಳ್ತಾರಾ? 'ಬರ್ತೀನಿ' ಅಂತೀವಿ. ಕರೆಗಂಟೆ ಬಾರಿಸಿದರೆ ಒಳಗಿಂದ 'ಬಂದೆ' ಅಂತ ಕೂಗ್ತೀವಿ. ಅಲ್ಲಿ 'ಯಾ ವೊಯ್' ಅಂತಾರೆ. ಇದೋ ಹೋದೆ, ಅಂದ ಹಾಗೆ. ಹೋಗೋ ಕ್ರಿಯಾಪದದ ಮೂಲರೂಪ 'ಇರ್'. ಕನ್ನಡದ ಕಿವಿಗೆ ಅದು 'ಇರು' ಅಂತಲೇ ಕೇಳಿಸುತ್ತೆ. ಸುಮ್ನೆ ಕಾಕತಾಳೀಯ. ಆದರೂ ಎಷ್ಟೋ ದಿನ ಅದು ನನ್ನ ತಲೆ ಕೆಡಿಸಿತ್ತು.

ಸರಿ, ಬೇಡ, ಬರಬೇಡ, ಸಂಜೆ ಮಾತಾಡೋಣ ಅಂತ ಅಜ್ಜಿ ಫೋನ್ ಇಟ್ಟರು.

ಮಧ್ಯಾಹ್ನ ಕಿಟಕಿಯ ಪೆರ್ಸಿಯಾನಾ ಇಳಿಸಿ ಕತ್ತಲೆಯಲ್ಲಿ ಕೂತೆ. ಅಲ್ಲಿ ಬೇಸಿಗೆಯ ಮಧ್ಯಾಹ್ನ ಎಲ್ಲರೂ ಮಾಡೋದು ಅದನ್ನೇ. ಹೊರಗೆ ಬೀದಿ ಕಾದ ಹಂಚಿನ ಹಾಗಿತ್ತು. ಗಿಡದ ಬೇಸರ ಒಂದು ಕಡೆ. ಇನ್ನೊಂದು ಕಡೆ ಆ 'ಎಸ್ತಾ' ಬಿಡಲೇ ಇಲ್ಲ. ಸ್ಪ್ಯಾನಿಷ್‌ನಲ್ಲಿ 'ಇರು'ವಿಗೆ ಎರಡು ಕ್ರಿಯಾಪದ, ಸೆರ್ ಮತ್ತು ಎಸ್ತಾರ್. ನಾನು ಹೇಳಿದ 'ಎಸ್' ಸೆರ್ ರೂಪ, ಅಜ್ಜಿ ತಿದ್ದಿದ 'ಎಸ್ತಾ' ಎಸ್ತಾರ್ ರೂಪ. ಯಾವಾಗಲೂ ಇರೋದಕ್ಕೆ ಸೆರ್, ಸ್ವಲ್ಪ ಕಾಲ ಇರೋದಕ್ಕೆ ಎಸ್ತಾರ್ ಅಂತ ತರಗತಿಯಲ್ಲಿ ಕಲಿತಿದ್ದೆ. ಹಾಗಾದರೆ ಸಾವು? ಅದಕ್ಕಿಂತ ಖಾಯಂ ಆದದ್ದು ಯಾವುದಿದೆ? ಅದಕ್ಕೆ ಯಾಕೆ ಎಸ್ತಾರ್? ಸೆಗೋವಿಯಾ ಊರು ಎಲ್ಲಿಗೂ ಓಡಿಹೋಗೋದಿಲ್ಲ. ಅದು ಸ್ಪೇನಿನಲ್ಲಿದೆ ಅನ್ನೋದಕ್ಕೂ ಎಸ್ತಾರ್. ಮೂರು ಗಂಟೆ ಅನ್ನೋದು ಒಂದು ನಿಮಿಷವೂ ನಿಲ್ಲೋದಿಲ್ಲ. ಅದಕ್ಕೆ ಸೆರ್!

ನಾನು ಅಲ್ಲಿಯವರೆಗೂ ಇಂಗ್ಲಿಷ್ ಮೂಲಕ ಸ್ಪ್ಯಾನಿಷ್ ಕಲಿಯುತ್ತಿದ್ದೆ. ಪುಸ್ತಕ ಇಂಗ್ಲಿಷ್, ನಾನು ಬರೆದುಕೊಂಡ ಟಿಪ್ಪಣಿ ಇಂಗ್ಲಿಷ್. ಆ ಮಧ್ಯಾಹ್ನ ಮೊದಲ ಸಲ ನನಗೆ ನಾನೇ ಕನ್ನಡದಲ್ಲಿ ಹೇಳಿಕೊಂಡೆ: ಗಿಡ ಸತ್ತಿದೆ.

ಸತ್ತು, ಇದೆ. ಸತ್ತಿದೆ.

ಅಲ್ಲೇ ಇತ್ತಲ್ವಾ! ಸತ್ತು ಆ ಸ್ಥಿತಿಯಲ್ಲಿ ಇದೆ. ಬಾಗಿಲು ಮುಚ್ಚಿದೆ, ಎಸ್ತಾ. ಅಂಗಡಿ ತೆರೆದಿದೆ, ಎಸ್ತಾ. ಸಾರು ಬಿಸಿ ಇದೆ, ಎಸ್ತಾ. ಎಲ್ಲದರ ಬಾಲದಲ್ಲೂ ನಮ್ಮ 'ಇದೆ' ಕೂತಿದೆ. ಈಗ ಮೂರು ಗಂಟೆ. ಇವತ್ತು ಭಾನುವಾರ. ನಾನು ಕನ್ನಡದವಳು. ಇಲ್ಲಿ 'ಇದೆ' ಬೇಕಾಗಿಯೇ ಇಲ್ಲ. ಕನ್ನಡ ಸುಮ್ಮನಿರುವ ಈ ಜಾಗದಲ್ಲಿ ಸ್ಪ್ಯಾನಿಷ್‌ನವರು ಸೆರ್ ಇಡುತ್ತಾರೆ.

ಎದ್ದು ದೀಪ ಹಾಕಿ ಹಳೇ ನೋಟ್‌ಬುಕ್ ತೆಗೆದೆ. ತಪ್ಪು ಮಾಡಿ ಕೆಂಪು ಗೀಟು ಎಳೆಸಿಕೊಂಡ ವಾಕ್ಯಗಳನ್ನು ಒಂದೊಂದಾಗಿ ಕನ್ನಡಕ್ಕೆ ತಂದೆ. ಲಿಸ್ತೊ ಅನ್ನೋ ಪದ ಇದೆ. ಸೆರ್ ಜೊತೆ ಬಂದರೆ 'ಹುಡುಗ ಚುರುಕು', ಎಸ್ತಾರ್ ಜೊತೆ ಬಂದರೆ 'ಹುಡುಗ ರೆಡಿ ಇದ್ದಾನೆ'. ಮಾಲೊ ಕೂಡ ಹಾಗೇ. ಸೆರ್ ಇದ್ದರೆ 'ಅವನು ಕೆಟ್ಟವನು', ಎಸ್ತಾರ್ ಇದ್ದರೆ ಅವನಿಗೆ ಹುಷಾರಿಲ್ಲ, ಮಲಗಿದ್ದಾನೆ. 'ಅವಳು ಚೆಲುವೆ' ಅನ್ನೋದಕ್ಕೆ 'ಎಸ್ ಗ್ವಾಪಾ'. 'ಇವತ್ತು ಚೆಂದ ಕಾಣ್ತಿದ್ದಾಳೆ' ಅನ್ನೋದಕ್ಕೆ 'ಎಸ್ತಾ ಗ್ವಾಪಾ'. ಎಂಟು ತಿಂಗಳು ಉರು ಹೊಡೆದದ್ದು ಒಂದು ಗಂಟೆಯಲ್ಲಿ ತಿಳಿಯಾಯಿತು. ಎಸ್ತಾರ್ ಹುಟ್ಟಿದ್ದು ಲ್ಯಾಟಿನ್‌ನ 'ನಿಲ್ಲು' ಅನ್ನೋ ಕ್ರಿಯಾಪದದಿಂದ. ಅದು ಓದಿದ್ದೆ, ಆದರೆ ಆವತ್ತೇ ಅರ್ಥವಾದದ್ದು. ಗಿಡ ಸತ್ತು ನಿಂತಿದೆ.

ಎಲ್ಲ ಕಡೆ ಈ ಲೆಕ್ಕ ಕೂರೋದಿಲ್ಲ. ಮನೆ ದೊಡ್ಡದಾಗಿದೆ ಅಂತ ನಾವು ಹೇಳಿದರೂ ಅಲ್ಲಿ ಸೆರ್ ಬರಬೇಕು. ಅಂಥ ಕಡೆ 'ಮನೆ ದೊಡ್ಡದು' ಅಂತ ಹೇಳೋಕಾಗುತ್ತಾ ಅಂತ ನೋಡುತ್ತೇನೆ. ಮದುವೆ ಎಲ್ಲಿದೆ, ಸಭೆ ಎಲ್ಲಿದೆ ಅನ್ನುವಾಗ ನಮ್ಮಲ್ಲಿ 'ಇದೆ', ಅವರಲ್ಲಿ ಸೆರ್. ಅಲ್ಲಿ 'ನಡೆಯುತ್ತೆ' ಅಂತ ಹಾಕಿ ನೋಡಿದರೆ ಗೊತ್ತಾಗುತ್ತೆ. ನಡೆಯುವಂಥದ್ದಾದರೆ ಸೆರ್.

ಸಂಜೆ ಅಜ್ಜಿಯೇ ಫೋನ್ ಮಾಡಿದರು. ಹಿಂದಿನಿಂದ ಬ್ಯಾಂಡಿನ ಸದ್ದು. ಅವರ ಹಳ್ಳಿಯಲ್ಲೂ ಹಬ್ಬ. ಬುಡದ ಹತ್ತಿರ ಕಾಂಡವನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡು ಅಂದರು. ಫೋನನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು ಬಾಲ್ಕನಿಯಲ್ಲಿ ಕುಕ್ಕರುಗಾಲಲ್ಲಿ ಕೂತೆ. ಮೇಲಿನ ಕೊಂಬೆ ಕೆರೆದೆ, ಒಳಗೂ ಕಂದು. ಇನ್ನೂ ಕೆಳಗೆ ಕೆರೆದೆ. ಅದೂ ಕಂದು. ಮಣ್ಣಿನಿಂದ ಎರಡು ಬೆರಳು ಮೇಲೆ ಸಿಪ್ಪೆ ಬಿಟ್ಟಿತು. ಕೆಳಗೆ ಹಸಿರು. ಒದ್ದೆ ಹಸಿರು.

"ಎಸ್ತಾ ಬೆರ್ದೆ!" ಅಂತ ಕೂಗಿದೆ. ಹಸಿರಿದೆ!

"ಎಂತೋನ್ಸೆಸ್ ನೋ ಎಸ್ತಾ ಮ್ವೆರ್ತೊ" ಅಂದರು. ಹಾಗಾದ್ರೆ ಸತ್ತಿಲ್ಲ. ಧ್ವನಿಯಲ್ಲಿ ನಗು ಕೇಳಿಸಿತು. ಒಣಗಿದ್ದನ್ನೆಲ್ಲ ಕತ್ತರಿಸು, ನೆರಳಿಗೆ ಇಡು, ನೀರು ಜಾಸ್ತಿ ಹಾಕಬೇಡ ಅಂತ ಹೇಳಿದರು. ಹಾಗೇ ಮಾತಿನ ಮಧ್ಯೆ, ಸೆಗೋವಿಯಾ ನೋಡಿದ್ದೀಯಾ ಅಂತ ಕೇಳಿದರು. ಆ 'ನೋಡಿದ್ದೀಯಾ' ಅನ್ನೋದಕ್ಕೆ ಅವರು ಬಳಸಿದ್ದು ಕೊನೊಥೆರ್. ವಿಷಯ ಗೊತ್ತಿರೋದಕ್ಕೆ ಸಬೆರ್, ಜನ ಅಥವಾ ಊರು ಪರಿಚಯ ಇರೋದಕ್ಕೆ ಕೊನೊಥೆರ್. ಸೆಗೋವಿಯಾದ ರೋಮನ್ ಕಾಲದ ಕಲ್ಲಿನ ಮೇಲ್ಗಾಲುವೆ ಬಗ್ಗೆ ನನಗೆ ಗೊತ್ತಿತ್ತು, ಫೋಟೋ ನೋಡಿದ್ದೆ. ಆದರೆ ಊರಿನಲ್ಲಿ ಕಾಲಿಟ್ಟಿರಲಿಲ್ಲ. ಒಂದು ಗಳಿಗೆ ನಿಂತು ಯೋಚಿಸಿ "ನೋ, ನೋ ಲಾ ಕೊನೊಥ್ಕೊ" ಅಂದೆ. ಇಲ್ಲ, ನೋಡಿಲ್ಲ. ಈ ಸಲ ಅವರು ತಿದ್ದಲಿಲ್ಲ.

ಸೆಪ್ಟೆಂಬರ್ ಮೊದಲ ವಾರ ಗಿಡದ ಬುಡದಲ್ಲಿ ಅಕ್ಕಿಕಾಳಿನಷ್ಟು ಎರಡು ಚಿಗುರು ಬಂದಿದ್ದವು. ಅದೇ ವಾರ ಒಂದು ಸಂಜೆ ಕರೆಗಂಟೆ ಆಯಿತು. ನಾನು ಒಗ್ಗರಣೆ ಹಾಕುತ್ತಿದ್ದೆ. ಬಾಯಿಗೆ 'ಬಂದೆ' ಬಂತು. ಅದನ್ನು ಅಲ್ಲೇ ಹಿಡಿದು "ಯಾ ವೊಯ್!" ಅಂತ ಕೂಗಿದೆ. ಬಾಗಿಲು ತೆಗೆದರೆ ಅಜ್ಜಿ. ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಅವರ ಕಡೆಯ ದಪ್ಪ ಬಿಳಿ ಹುದಿಯೋನ್ ಕಾಳಿನ ಚೀಲ. ಒಳಗೆ ಬರದೆ ನನ್ನ ಕೈ ಹಿಡಿದು ನೇರ ತಮ್ಮ ಬಾಲ್ಕನಿಗೆ ಕರೆದುಕೊಂಡು ಹೋದರು.