ಮೂರರ ವ್ಯತ್ಯಾಸ

ಕಳೆದ ಮಳೆಗಾಲದಲ್ಲಿ ನಮ್ಮ ಅಕೌಂಟ್ಸ್ ಸರ್ ತೀರಿಕೊಂಡರು. ಸುದ್ದಿ ತಿಳಿಸಿದ್ದು ಮುಂಬಯಿ ಹತ್ತಿರದ ಡೊಂಬಿವಿಲಿಯಲ್ಲಿ ಹೋಟೆಲ್ ನಡೆಸುವ ನನ್ನ ಗೆಳೆಯ. "ಸರ್ ಹೋದ್ರು ಮಾರಾಯ" ಅಂದ. ಮುಂದೆ ಮಾತು ಬರಲಿಲ್ಲ. ಆಫೀಸಿನಲ್ಲಿ ಮೂರು ತಿಂಗಳ ಲೆಕ್ಕ ಮುಗಿಸುವ ಗಡಿಬಿಡಿ ಇತ್ತು. ಎಲ್ಲ ಹಾಗೇ ಬಿಟ್ಟು ಹೊರಟೆ. ಕಾಲೇಜಿನವರು ಸಂಚಿಕೆಗೆ ಏನಾದರೂ ಬರೆದುಕೊಡಿ ಅಂದಾಗ ಬೇರೆ ವಿಷಯ ಹೊಳೆಯಲೇ ಇಲ್ಲ.

ನಾನು ಎಂ.ಕಾಂ. ಓದಿದ್ದು 1996ರಿಂದ 1998ರವರೆಗೆ. ನನ್ನ ಬಿ.ಕಾಂ. ಅಂಕಪಟ್ಟಿಯ ಮೇಲೆ ಬಾಂಬೆ ವಿಶ್ವವಿದ್ಯಾಲಯ ಅಂತ ಇದೆ, ಎಂ.ಕಾಂ. ಅಂಕಪಟ್ಟಿಯ ಮೇಲೆ ಮುಂಬಯಿ ವಿಶ್ವವಿದ್ಯಾಲಯ. ಹೆಸರು ಬದಲಾಗಿದ್ದು 1996ರಲ್ಲಿ. ಎರಡನ್ನೂ ಜೋಪಾನವಾಗಿ ಇಟ್ಟಿದ್ದೇನೆ.

ಕ್ಲಾಸು ಬೆಳಿಗ್ಗೆ ಏಳಕ್ಕೆ. ಡೊಂಬಿವಿಲಿಯಿಂದ 5.40ರ ಸ್ಲೋ ಲೋಕಲ್ ಹಿಡಿದರೆ ಮಾಟುಂಗಾಕ್ಕೆ ಸಮಯಕ್ಕೆ ಸರಿಯಾಗಿ ಮುಟ್ಟುತ್ತಿದ್ದೆ. ಅಮ್ಮ ನಾಲ್ಕೂವರೆಗೇ ಎದ್ದು ಚಪಾತಿ ಮಾಡುತ್ತಿದ್ದಳು. ಸ್ಟೇಷನ್ನಿನಿಂದ ಹೊರಬಂದರೆ ಮಲ್ಲಿಗೆಯ ವಾಸನೆ. ಹೂವಿನವರು ಆಗಷ್ಟೇ ಬುಟ್ಟಿ ಬಿಚ್ಚುತ್ತಿರುತ್ತಿದ್ದರು. ಫಿಲ್ಟರ್ ಕಾಫಿಯ ಘಮವೂ ಅದರ ಜೊತೆ ಸೇರಿಕೊಳ್ಳುತ್ತಿತ್ತು. ನಮ್ಮಲ್ಲಿ ಮುಕ್ಕಾಲು ಪಾಲು ಜನ ಹತ್ತು ಗಂಟೆಗೆ ಕೆಲಸಕ್ಕೆ ಓಡುವವರು. ನಾನು ಒಬ್ಬ ಸಿ.ಎ. ಅವರ ಆಫೀಸಿನಲ್ಲಿ ವೋಚರ್ ಟಿಕ್ ಮಾಡುತ್ತಿದ್ದೆ.

ಸರ್ ಕುಂದಾಪುರದ ಕಡೆಯವರು. ಬಿಳಿ ಅರ್ಧ ತೋಳಿನ ಶರ್ಟು, ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಮೊಂಡು ಪೆನ್ಸಿಲು. ಕ್ಲಾಸಿನಲ್ಲಿ ಇಂಗ್ಲಿಷು, ಸಿಟ್ಟು ಬಂದರೆ ಮರಾಠಿ. ನಾವು ನಾಲ್ಕೈದು ಕನ್ನಡದ ಹುಡುಗರು ಕಾರಿಡಾರಿನಲ್ಲಿ ಸಿಕ್ಕರೆ ಮಾತ್ರ ಊರಿನ ಮಾತು. ಹುಡುಗರು ಅವರಿಗೆ ಇಟ್ಟ ಹೆಸರು ಒಂದ್ರೂಪಾಯಿ ಸರ್. ಬ್ಯಾಲೆನ್ಸ್ ಶೀಟಿನಲ್ಲಿ ಒಂದು ರೂಪಾಯಿ ಆಚೀಚೆ ಆದರೂ ಬಿಡುತ್ತಿರಲಿಲ್ಲ. ವ್ಯತ್ಯಾಸವನ್ನು ಸಸ್ಪೆನ್ಸ್ ಅಕೌಂಟಿಗೆ (ಕಾರಣ ಸಿಗದ ಮೊತ್ತವನ್ನು ಸದ್ಯಕ್ಕೆ ಇಡುವ ಖಾತೆ) ಹಾಕಿ ಮುಂದೆ ಹೋಗೋಣ ಸರ್ ಅಂದರೆ ಅವರ ಮುಖ ಚಿಕ್ಕದಾಗುತ್ತಿತ್ತು.

"ವ್ಯತ್ಯಾಸ ಎಷ್ಟುಂಟು? ಅರ್ಧ ಮಾಡು. ಆ ಅರ್ಧ ಮೊತ್ತ ಡೆಬಿಟ್ಟಿಗೆ ಹೋಗಬೇಕಾದ್ದು ಕ್ರೆಡಿಟ್ಟಿನಲ್ಲಿ ಕೂತಿದೆಯಾ ನೋಡು. ಇಲ್ವಾ? ಒಂಬತ್ತರಿಂದ ಭಾಗಿಸು. ಶೇಷ ಉಳಿಯದಿದ್ದರೆ ಅಂಕಿ ತಿರುಗಿಸಿ ಬರೆದಿರ್ತಿ, 54ರ ಬದಲು 45."

ಇದೆಲ್ಲ ಹನ್ನೊಂದನೇ ತರಗತಿಯ ಪಾಠ, ಎಂ.ಕಾಂ.ಗೆ ಬಂದವರಿಗೆ ಯಾಕೆ ಅಂತ ನಮಗೆ ಬೇಜಾರು. ಇನ್ನೊಂದು ಮಾತನ್ನೂ ಅವರು ಮತ್ತೆ ಮತ್ತೆ ಹೇಳುತ್ತಿದ್ದರು. "ತಾಳೆ ಆಯ್ತು ಅಂದ್ರೆ ಸರಿ ಆಯ್ತು ಅಂತ ಅಲ್ಲ ಮಾರಾಯ." ಒಂದು ಬಿಲ್ಲನ್ನು ಬರೆಯುವುದೇ ಮರೆತಿದ್ದರೂ ಎರಡೂ ಕಡೆ ಮೊತ್ತ ಸಮವಾಗಿಯೇ ಬರುತ್ತದೆ. ಮೆಷಿನ್ ಕೊಂಡದ್ದನ್ನು ರಿಪೇರಿ ಖರ್ಚು ಅಂತ ಬರೆದರೂ ಸಮವಾಗಿಯೇ ಬರುತ್ತದೆ. ಆ ಎರಡು ವರ್ಷದ ಸಿಲೆಬಸ್ಸಿನಲ್ಲಿ ಬೇರೆ ಏನೇನಿತ್ತೋ, ಈಗ ಕೇಳಿದರೆ ಹೇಳಲಾರೆ. ಇದು ಮಾತ್ರ ಉಳಿದಿದೆ.

ಈಗ ನಮ್ಮ ಕಿತಾಪತಿಯ ವಿಷಯಕ್ಕೆ ಬರುತ್ತೇನೆ.

ಮೇಲೆ ಹೇಳಿದ ಗೆಳೆಯ ಆಗ ಮಾಟುಂಗಾದ ಒಂದು ಹೋಟೆಲಿನಲ್ಲಿ ಕ್ಯಾಷಿಯರ್. ರಾತ್ರಿ ಹನ್ನೊಂದೂವರೆಗೆ ಗಲ್ಲಾ ಮುಚ್ಚಿ ಅಲ್ಲೇ ಬೆಂಚಿನ ಮೇಲೆ ಮಲಗುತ್ತಿದ್ದ. ವಾರಕ್ಕೆ ಎರಡು ಬೆಳಿಗ್ಗೆ ದಾದರ್ ಮಾರ್ಕೆಟ್ಟಿನಿಂದ ತರಕಾರಿ ತರುವ ಕೆಲಸವೂ ಅವನದೇ. ಆ ದಿನ ಕ್ಲಾಸಿಗೆ ಬರುವ ಮಾತೇ ಇಲ್ಲ. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಹೀಗಾಗಿ ಅವನ ಪ್ರಾಕ್ಸಿ ನಾನು ಹಾಕುತ್ತಿದ್ದೆ. ಅವನ ನಂಬರ್ ಬಂದಾಗ ತಲೆ ತಗ್ಗಿಸಿ, ದನಿ ದಪ್ಪ ಮಾಡಿ "ಪ್ರೆಸೆಂಟ್ ಸರ್" ಅನ್ನುತ್ತಿದ್ದೆ. ಇದನ್ನು ನೋಡಿ ಬೇರೆಯವರೂ ತಮ್ಮ ತಮ್ಮ ಗೆಳೆಯರಿಗೆ ಶುರು ಮಾಡಿದರು.

ಒಂದು ಮಂಗಳವಾರ ಸರ್ ಹಾಜರಿ ಕರೆದು ಮುಗಿಸಿ, ಪೆನ್ಸಿಲ್ ತೆಗೆದು ಒಂದೊಂದೇ ಬೆಂಚು ಎಣಿಸಿದರು. ಆಮೇಲೆ ಬೋರ್ಡಿನ ಮೇಲೆ ಎರಡು ಅಂಕಿ ಬರೆದರು. ಎಡಗಡೆ 41, ಬಲಗಡೆ 38.

"ಪುಸ್ತಕದಲ್ಲಿ 41, ಬೆಂಚಿನಲ್ಲಿ 38. ಮೂರು ಎಲ್ಲಿ? ಸಸ್ಪೆನ್ಸ್ ಅಕೌಂಟಿಗೆ ಹಾಕಲಾ?"

ಯಾರೂ ನಗಲಿಲ್ಲ. ಸರ್ ಕುರ್ಚಿಯಲ್ಲಿ ಸುಮ್ಮನೆ ಕೂತರು. ಐದು ನಿಮಿಷ, ಹತ್ತು ನಿಮಿಷ. ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಕೊನೆಗೆ ನಾನು ಎದ್ದು ನಿಂತೆ. "ಒಂದು ನನ್ನದು ಸರ್" ಅಂದೆ. ನನ್ನ ಹಿಂದೆ ಇನ್ನಿಬ್ಬರು ಎದ್ದರು. ಮೊದಲು ಎದ್ದವನು ನಾನು ಅನ್ನುವುದು ಇವತ್ತಿಗೂ ನನಗೆ ಸಮಾಧಾನ ಕೊಡುತ್ತದೆ.

ಸರ್ ಬೈಯಲಿಲ್ಲ. ಮೂರು ಹೆಸರನ್ನೂ ಹೊಡೆದು ಹಾಕಿ ಪಾಠ ಮಾಡಿದರು. ಕ್ಲಾಸು ಮುಗಿದ ಮೇಲೆ ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿ, "ಅವನು ಎಂತಕ್ಕೆ ಬರುದಿಲ್ಲ?" ಅಂತ ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಎರಡು ದಿನ ಬಿಟ್ಟು ಮಧ್ಯಾಹ್ನ ಮೂರಕ್ಕೆ, ಗಿರಾಕಿ ಇಲ್ಲದ ಹೊತ್ತಿನಲ್ಲಿ, ಸರ್ ಆ ಹೋಟೆಲಿಗೆ ಹೋದರಂತೆ. ಇವನಿಗೆ ಗಲ್ಲಾದ ಹಿಂದೆ ಕೈಕಾಲು ನಡುಗಿತಂತೆ. ಸರ್ ಕಾಫಿ ಕುಡಿದು ದುಡ್ಡು ಕೊಟ್ಟು, "ನೋಟ್ ಪುಸ್ತಕ ತೆಗಿ" ಅಂದರು. ಅವತ್ತಿನಿಂದ ಪರೀಕ್ಷೆಯವರೆಗೆ ಪ್ರತಿ ಗುರುವಾರ ಮೂರರಿಂದ ನಾಲ್ಕು ಗಲ್ಲಾದ ಪಕ್ಕದ ಟೇಬಲ್ಲಿನಲ್ಲಿ ಪಾಠ. ರಜೆ ಸಿಕ್ಕಿದಾಗ ನಾನೂ ಹೋಗುತ್ತಿದ್ದೆ.

ಹೋಲ್ಡಿಂಗ್ ಕಂಪನಿಯ ಲೆಕ್ಕ, ಅಂದರೆ ಒಂದು ಕಂಪನಿ ಇನ್ನೊಂದರ ಒಡೆಯ ಆದಾಗ ಎರಡನ್ನೂ ಸೇರಿಸಿ ಬರೆಯುವ ಲೆಕ್ಕ, ನಮಗೆಲ್ಲ ಕಬ್ಬಿಣದ ಕಡಲೆ. ಸರ್ ಬಿಲ್ಲಿನ ಹಿಂಬದಿಯಲ್ಲಿ ಬರೆದು ತೋರಿಸಿದರು. "ನಿಮ್ಮ ಹೋಟೆಲು ಪಕ್ಕದ ಸ್ವೀಟ್ ಅಂಗಡಿಯನ್ನು ಕೊಂಡುಕೊಂಡಿತು ಅಂತ ತಿಳ್ಕೊ. 100 ರೂಪಾಯಿ ಖರ್ಚಿನ ಮೈಸೂರು ಪಾಕನ್ನು ಆ ಅಂಗಡಿಗೆ 120ಕ್ಕೆ ಮಾರಿದಿರಿ. ಅಲ್ಲಿ ಅರ್ಧ ಮಾಲು ಹಾಗೇ ಉಂಟು. ಈಗ ಎರಡೂ ಒಂದೇ ಮನೆ. ಅಡುಗೆಮನೆಯಿಂದ ಜಗಲಿಗೆ ತಂದಿಟ್ಟರೆ ಲಾಭ ಬರ್ತದಾ? ಉಳಿದ ಮಾಲಿನ ಮೇಲಿನ 10 ರೂಪಾಯಿ ಲಾಭ ತೆಗೆದುಹಾಕು." ನಾನು ಎಷ್ಟೋ ದಪ್ಪ ಪುಸ್ತಕ ಓದಿದ್ದೇನೆ. ಇಷ್ಟು ಸರಳವಾಗಿ ಹೇಳಿದ್ದು ಎಲ್ಲೂ ಸಿಕ್ಕಿಲ್ಲ.

1997ರ ಫೆಬ್ರವರಿ 28, ಬಜೆಟ್ ದಿನ. ಆಗ ಬಜೆಟ್ ಓದುತ್ತಿದ್ದದ್ದು ಸಂಜೆ ಐದಕ್ಕೆ. ಹೋಟೆಲಿನ ಟಿವಿ ಮುಂದೆ ಸರ್, ನಾವಿಬ್ಬರು, ಕೆಲಸದ ಹುಡುಗರು. ಆದಾಯ ತೆರಿಗೆ ದರ 15, 30, 40ರಿಂದ 10, 20, 30ಕ್ಕೆ ಇಳಿಯಿತು. ಸರ್ ಗೆಳೆಯನ ಕಡೆ ತಿರುಗಿ, "ನಿನ್ನ ಟ್ಯಾಕ್ಸ್ ಎಷ್ಟು, ಲೆಕ್ಕ ಹಾಕು" ಅಂದರು. ಅವನ ಸಂಬಳಕ್ಕೆ ಎಲ್ಲಿಯ ಟ್ಯಾಕ್ಸು! "ಸೊನ್ನೆ ಬರಲಿ. ಆದ್ರೂ ಲೆಕ್ಕ ಹಾಕಿಡು. ಒಂದು ದಿನ ಕಟ್ತಿ ನೀನು." ಮುಂದೆ ಸ್ವಂತ ಹೋಟೆಲ್ ಆಗಿ ಮೊದಲ ಸಲ ತೆರಿಗೆ ಕಟ್ಟಿದ ದಿನ ಗೆಳೆಯ ಸರ್‌ಗೆ ಫೋನ್ ಮಾಡಿ ಮೊತ್ತ ಹೇಳಿದ. ಆಮೇಲೆ ಪ್ರತಿ ವರ್ಷವೂ ಹೇಳಿದ.

ನಾವಿಬ್ಬರೂ ಫಸ್ಟ್ ಕ್ಲಾಸಿನಲ್ಲಿ ಪಾಸಾದೆವು. ಸರ್ ನಮ್ಮನ್ನು ಮಾಟುಂಗಾ ಸ್ಟೇಷನ್ ಪಕ್ಕದ ರಾಮಾ ನಾಯಕರ ಉಡುಪಿ ಬೋರ್ಡಿಂಗಿಗೆ ಕರೆದುಕೊಂಡು ಹೋಗಿ ಬಾಳೆಲೆ ಊಟ ಹಾಕಿಸಿದರು.

ನನ್ನ ಮೊದಲ ಕೆಲಸದಲ್ಲಿ ಒಬ್ಬ ಸಪ್ಲೈಯರ್ ಖಾತೆಯಲ್ಲಿ 1,80,000 ರೂಪಾಯಿ ವ್ಯತ್ಯಾಸ ಇತ್ತು. ಹಿರಿಯರೆಲ್ಲ ಬಿಟ್ಟುಬಿಡು ಅಂದರು. ಮೂರು ರಾತ್ರಿ ಕೂತು ಹುಡುಕಿದೆ. ಒಂದೇ ಬಿಲ್ಲು ಎರಡು ಸಲ ಏರಿತ್ತು, ಎರಡು ಸಲ ಪೇಮೆಂಟೂ ಆಗಿತ್ತು. ದುಡ್ಡು ವಾಪಸ್ ಬಂತು. ಆರು ತಿಂಗಳಲ್ಲಿ ನನಗೆ ಪ್ರಮೋಷನ್ ಆಯಿತು. ಇವತ್ತು ಇಪ್ಪತ್ತೆರಡು ಜನರ ಅಕೌಂಟ್ಸ್ ವಿಭಾಗ ನೋಡಿಕೊಳ್ಳುತ್ತೇನೆ. ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ, ಯಾಕೆಂದರೆ ಆ ಹೆಮ್ಮೆಯಲ್ಲಿ ಸರ್ ಪಾಲು ದೊಡ್ಡದು.

ಅಕ್ಕನ ಮಗಳು ಈಗ ಎಂ.ಕಾಂ. ಓದುತ್ತಿದ್ದಾಳೆ. ಜಾಣೆ. ಆದರೆ ಅವಳ ಓದು ನೋಡಿದರೆ ಸಂಕಟ ಆಗುತ್ತದೆ. ಸೆಮಿಸ್ಟರ್ ಮೇಲೆ ಸೆಮಿಸ್ಟರ್, ಪ್ರಾಜೆಕ್ಟು, ಮೊಬೈಲಿಗೆ ಬಂದ ಪಿಡಿಎಫ್ ನೋಟ್ಸು. ತಪ್ಪು ಹುಡುಕುತ್ತಾ ಒಂದು ಗಂಟೆ ಕೂರಲು ಪುರುಸೊತ್ತು ಎಲ್ಲಿದೆ? ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಡೆಬಿಟ್ಟು ಕ್ರೆಡಿಟ್ಟು ಸಮ ಇಲ್ಲದಿದ್ದರೆ ವೋಚರ್ ಸೇವ್ ಆಗುವುದೇ ಇಲ್ಲ. ಒಳ್ಳೆಯದೇ, ನಾನೂ ದಿನಾ ಬಳಸುತ್ತೇನೆ. ಆದರೆ ತಪ್ಪು ಖಾತೆಗೆ ಹಾಕಿದರೆ ಅದು ಬಾಯಿ ಬಿಡುವುದಿಲ್ಲ, ಅಲ್ವಾ? ಕೆಲಸ ಕೇಳಿಕೊಂಡು ಬರುವ ಮಕ್ಕಳಿಗೆ ನಾನು ಕೇಳುವ ಮೊದಲ ಪ್ರಶ್ನೆ, ನೀನು ಹುಡುಕಿ ಹಿಡಿದ ಒಂದು ತಪ್ಪು ಹೇಳು ಅಂತ. ಜಾಸ್ತಿ ಜನ ಸುಮ್ಮನಾಗುತ್ತಾರೆ. ತಪ್ಪು ಅವರದ್ದಲ್ಲ. ಬೆಂಚು ಎಣಿಸುವ ಮೇಷ್ಟ್ರು ಅವರಿಗೆ ಸಿಕ್ಕಿಲ್ಲ.

ಹೋದ ವಾರ ರಾತ್ರಿ ಹನ್ನೆರಡರ ಹತ್ತಿರ ಗೆಳೆಯನ ಫೋನು. ಗಲ್ಲಾ ಮುಚ್ಚುವಾಗ 90 ರೂಪಾಯಿ ಜಾಸ್ತಿ ಬರುತ್ತಿದೆಯಂತೆ. "ಒಂಬತ್ತರಿಂದ ಭಾಗ ಹೋಗ್ತದೆ" ಅಂದೆ. "ಅದಕ್ಕೇ ನಿನಗೆ ಮಾಡಿದ್ದು" ಅಂದ. ಅವನು ಒಂದೊಂದೇ ಬಿಲ್ಲು ಓದುತ್ತಾ ಹೋದ, ನಾನು ಕೇಳುತ್ತಾ ಕೂತೆ. ನಲವತ್ತು ನಿಮಿಷ ಬೇಕಾಯಿತು. ಹೊಸ ಹುಡುಗ 210 ಅನ್ನು 120 ಅಂತ ಬರೆದಿದ್ದ.

"ಸಿಕ್ಕಿತು" ಅಂದ. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಫೋನ್ ಇಡಲಿಲ್ಲ.