ದಾನದ ಹಾಳೆ, ಮೂರನೆಯ ಆವೃತ್ತಿ: ಕಬ್ಬಿನ ಬಿಲ್ಲು ಕೊನೆಗೂ ಲೆಕ್ಕಕ್ಕೆ ಸಿಕ್ಕಿತು

ಮನೆಯ ಆದಾಯದಲ್ಲಿ ದಾನಕ್ಕೆ ಎಷ್ಟು ತೆಗೆದಿಡಬೇಕೆಂದು ಗೂಗಲ್ ಶೀಟ್ಸ್‌ನಲ್ಲಿ ಲೆಕ್ಕ ಹಾಕುವ ದಾನದ ಹಾಳೆಯ ಮೂರನೆಯ ಆವೃತ್ತಿ ಸಿದ್ಧವಾಗಿದೆ. ಖರ್ಚಿನ ಕಾಲಂಗಳು, ರಸೀದಿಯ ಫೋಟೊ ಜೋಡಿಸುವುದು, ವರ್ಷದ ಮೊತ್ತ ಇವೆಲ್ಲ ಹಿಂದಿನ ಆವೃತ್ತಿಯಲ್ಲಿದ್ದ ಹಾಗೆಯೇ ಇವೆ. ಹಿಂದಿನ ಎರಡೂ ಆವೃತ್ತಿಗಳನ್ನು ಕೆಡಿಸಿದ್ದು ಒಂದೇ ಪ್ರಶ್ನೆ: ಸಂಬಳ ತಿಂಗಳಿಗೊಮ್ಮೆ, ಕಬ್ಬಿನ ಬಿಲ್ಲು (ಕಬ್ಬು ಮಾರಿದ ಹಣ) ಕಾರ್ಖಾನೆ ಕೊಟ್ಟಾಗ. ಹಾಗಿರುವ ಮನೆ ‘ಶೇಕಡಾ ಇಷ್ಟು’ ಎಂದು ತೆಗೆದಿಡುವುದು ಯಾವ ಮೊತ್ತದ ಮೇಲೆ? ಬಾಗಲಕೋಟೆ, ಬೆಳಗಾವಿ ಕಡೆ ಇಂಥ ಮನೆಗಳು ಬಹಳ. ಸಿಗುವ ಸಿದ್ಧ ಹಾಳೆಗಳೆಲ್ಲ ಬರೀ ಸಂಬಳದವರನ್ನು ನೋಡಿ ಮಾಡಿದವು.

ಮೊದಲ ಆವೃತ್ತಿಯ ನಿಯಮ ಸರಳವಿತ್ತು: ಬ್ಯಾಂಕಿಗೆ ಜಮಾ ಆದ ಪ್ರತಿ ಮೊತ್ತದಲ್ಲಿ ಶೇ 4. ಸಂಬಳಕ್ಕೆ ಇದು ನಡೆಯುತ್ತದೆ, ಬಿಲ್ಲಿಗೆ ನಡೆಯುವುದಿಲ್ಲ. ಪಿಕೆಪಿಎಸ್ (ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ) ಕೊಟ್ಟ ಸಾಲ ಬಿಲ್ಲಿನಲ್ಲೇ ಮುರಿದುಕೊಂಡು ಉಳಿದದ್ದು ಖಾತೆಗೆ ಬರುತ್ತದೆ. ಆ ಸಾಲದಲ್ಲಿ ತಂದ ಗೊಬ್ಬರ, ಬೀಜದ ಖರ್ಚು ಹಾಳೆಯಲ್ಲಿ ಆಗಲೇ ಬರೆದಿರುತ್ತದೆ. ಜಮಾ ಆದ ಮೊತ್ತದಿಂದ ಖರ್ಚನ್ನೂ ಕಳೆದರೆ ಒಂದೇ ಹಣವನ್ನು ಎರಡು ಸಲ ಕಳೆದಂತಾಗಿ ಹೊಲದ ಆದಾಯ ಸುಳ್ಳೇ ಕುಗ್ಗುತ್ತದೆ. ಆದ್ದರಿಂದ ಈಗಿನ ಹಾಳೆಯಲ್ಲಿ ಬಿಲ್ಲಿನ ಪೂರ್ತಿ ಮೊತ್ತ ಒಂದು ಕಡೆ, ಮುರಿದ ಸಾಲ ಬೇರೆ ಕಡೆ. ಅಸಲು ಖರ್ಚಲ್ಲ, ಬಡ್ಡಿ ಇದ್ದರೆ ಅದು ಮಾತ್ರ ಖರ್ಚು.

ಎರಡನೆಯ ಆವೃತ್ತಿ ಏಪ್ರಿಲ್-ಮಾರ್ಚ್ ವರ್ಷದ ಆದಾಯ ಹಿಡಿಯಿತು. ಅಲ್ಲಿ ಕೆಟ್ಟದ್ದು ತಾರೀಖು. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಹೋದ 14 ದಿನದೊಳಗೆ ಹಣ ಬರಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ ಸೇರಬೇಕು. ಫೆಬ್ರುವರಿಯಲ್ಲಿ ಕಡಿದ ಕಬ್ಬಿನ ಹಣಕ್ಕೆ ಮೇ ತಿಂಗಳತನಕ ಕಾಯುವುದು ಯಾವ ರೈತನಿಗೂ ಹೊಸದಲ್ಲ. ಇದರಿಂದ ಬರುವ ಸಿಟ್ಟು ಒಂದು ಕಡೆಯಾದರೆ ಹಾಳೆಗಾಗುವ ಕೇಡು ಇನ್ನೊಂದು: ಒಂದು ವರ್ಷ ಬಿಲ್ಲೇ ಇಲ್ಲ, ಮರುವರ್ಷ ಎರಡು ಬಿಲ್ಲು. ಇದಕ್ಕೆ ಪರಿಹಾರ, ಹೊಲದ ಆದಾಯಕ್ಕೆ ಜಮಾ ತಾರೀಖಿನ ಬದಲು ‘ಹಂಗಾಮು’ ಎಂಬ ಕಾಲಂ ಇಡುವುದು. 2024-25ರ ಹಂಗಾಮಿನ ಹಣ ಯಾವಾಗ ಬಂದರೂ ಆ ಹಂಗಾಮಿಗೇ ಸೇರುತ್ತದೆ.

ಮೂರನೆಯ ಆವೃತ್ತಿಯ ತಿರುಳು ಇಷ್ಟು: ಹಿಂದಿನ ಮೂರು ವರ್ಷದ ಸರಾಸರಿ ಆದಾಯದಲ್ಲಿ ಮನೆಯ ಮೂಲ ಖರ್ಚು ಕಳೆದು, ಉಳಿದದ್ದರ ಮೇಲೆ ಶೇಕಡಾ ಹಾಕಬೇಕು. ಮುಧೋಳ ಕಡೆಯ ಒಂದು ಮಾದರಿ ಮನೆ ತೆಗೆದುಕೊಳ್ಳಿ. ಸಂಬಳ ತಿಂಗಳಿಗೆ 40,000, ವರ್ಷಕ್ಕೆ 4,80,000. ಖರ್ಚು ಕಳೆದು ಹೊಲದಿಂದ ಉಳಿದದ್ದು ಮೊದಲ ವರ್ಷ 2,60,000, ಎರಡನೆಯ ವರ್ಷ ಬರ ಬಿದ್ದು 80,000, ಮೂರನೆಯ ವರ್ಷ 2,90,000; ಸರಾಸರಿ 2,10,000. ಎರಡೂ ಸೇರಿ 6,90,000. ಮೂಲ ಖರ್ಚು ತಿಂಗಳಿಗೆ 30,000ದಂತೆ 3,60,000 ಹೋಗಿ ಉಳಿಯುವುದು 3,30,000. ಅದರ ಶೇ 8 ಅಂದರೆ 26,400, ತಿಂಗಳಿಗೆ 2,200.

ಅದೇ ಶೇ 8ನ್ನು ಆಯಾ ವರ್ಷದ ಉಳಿಕೆಯ ಮೇಲೆಯೇ ಹಾಕಿ ನೋಡಿ: 30,400, 16,000, 32,800. ಮೂರೂ ಕೂಡಿದರೆ 79,200, ಸರಾಸರಿ ಲೆಕ್ಕದ ಮೂರು ಪಟ್ಟಿಗೆ ಸರಿಸಮ. ಮನೆಯಿಂದ ಹೋಗುವ ದುಡ್ಡು ಅಷ್ಟೇ. ಆದರೆ ಬರದ ವರ್ಷ 16,000ಕ್ಕೆ ಕುಸಿಯುತ್ತದೆ. ಬಡಮಕ್ಕಳ ಪ್ರಸಾದ ನಿಲಯಕ್ಕೆ (ಊಟ, ವಸತಿಯ ಹಾಸ್ಟೆಲ್ಲಿಗೆ) ಜೋಳದ ಕೊರತೆ ಬೀಳುವುದೂ ಅದೇ ವರ್ಷ. ಕೊಡುವವರೆಲ್ಲ ಒಟ್ಟಿಗೆ ಕೈ ಬಿಗಿ ಹಿಡಿದರೆ ಅಲ್ಲಿಯ ಒಲೆಗೆ ಅದೇ ಎರಡನೆಯ ಬರ. ಇಡೀ ಹಾಳೆಯನ್ನು ಮತ್ತೆ ಕಟ್ಟಿದ್ದು ಇದೊಂದನ್ನು ತಪ್ಪಿಸಲಿಕ್ಕೆ.

ಶೇ 8 ಏಕೆ ಎಂದು ಕೇಳುವವರಿಗೆ: ಅದನ್ನು ಬದಲಿಸಬಹುದು, ಆ ಕೋಶ ತೆರೆದೇ ಇದೆ. ಬದಲಿಸಬಾರದ್ದು ‘ಉಳಿದದ್ದರ ಮೇಲೆ’ ಎಂಬ ಮಾತು. ಇಸ್ಲಾಮಿನ ಉಶ್ರ್ (ಬೆಳೆಯಲ್ಲಿ ಕೊಡುವ ದಾನದ ಪಾಲು) ಪದ್ಧತಿಯಲ್ಲಿ ಮಳೆಯಾಶ್ರಿತ ಬೆಳೆಗೆ ಹತ್ತರಲ್ಲಿ ಒಂದು ಪಾಲು, ಖರ್ಚು ಮಾಡಿ ನೀರುಣಿಸಿದ ಬೆಳೆಗೆ ಇಪ್ಪತ್ತರಲ್ಲಿ ಒಂದು. ಶ್ರಮ, ಖರ್ಚು ಹೆಚ್ಚಾದಲ್ಲಿ ಪಾಲು ಕಡಿಮೆ ಎಂಬ ತಿಳಿವಳಿಕೆ ಅದರಲ್ಲಿದೆ. ಕಬ್ಬಿನ ಒಟ್ಟು ಬಿಲ್ಲಿನ ಮೇಲೆ ಶೇಕಡಾ ಹಾಕಿದರೆ ಪಂಪ್‌ಸೆಟ್ಟು, ಗೊಬ್ಬರ, ಆಳಿನ ಕೂಲಿಯ ಮೇಲೂ ದಾನ ಹಾಕಿದಂತಾಗಿ ಆ ನಿಯಮ ಒಂದೇ ವರ್ಷದಲ್ಲಿ ಮುರಿಯುತ್ತದೆ.

ಸರಾಸರಿ ನಿಲ್ಲಬೇಕಾದರೆ ದಾನಕ್ಕೇ ಬೇರೆ ಉಳಿತಾಯ ಖಾತೆ ಬೇಕು. ಮಾದರಿ ಮನೆಯ ಲೆಕ್ಕದಲ್ಲಿ ಸಂಬಳದಿಂದ ತಿಂಗಳಿಗೆ 1,100, ಬಿಲ್ಲು ಬಂದ ದಿನ ಒಂದೇ ಸಲ 13,200. ಹೋಗುವುದು: ಜೂನ್‌ನಿಂದ ಮಾರ್ಚ್‌ವರೆಗೆ ಒಬ್ಬ ವಿದ್ಯಾರ್ಥಿಯ ಹಾಸ್ಟೆಲ್ಲಿಗೆ ತಿಂಗಳಿಗೆ 2,200, ಒಟ್ಟು 22,000. ಉಳಿದ 4,400 ನೆರೆ, ಕಾಯಿಲೆಯಂಥ ತುರ್ತಿಗೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿದ್ದನ್ನು ಕಂಡವರಿಗೆ ಈ ಸಾಲು ಯಾಕೆ ಎಂದು ಹೇಳಬೇಕಿಲ್ಲ. ಮಾರ್ಚ್‌ವರೆಗೂ ಬಳಕೆಯಾಗದಿದ್ದರೆ ಅದೂ ಹಾಸ್ಟೆಲ್ಲಿಗೇ.

ಖಾತೆ ತೆರೆಯುವಾಗ ಮೂರು ತಿಂಗಳ ಮೊತ್ತ, ಅಂದರೆ 6,600, ಮೊದಲೇ ಹಾಕಿಡಿ. ಬರದ ವರ್ಷ ಬಿಲ್ಲಿನಿಂದ ಅರ್ಧವಷ್ಟೇ ಕೊಡಲಾದರೆ ಬೀಳುವ ಕೊರತೆಯೂ ಸರಿಯಾಗಿ 6,600. ಕಣ್ಣಿಡಬೇಕಾದ ಅಂಕಿ ಒಂದೇ. ಹೊಸ ಬಿಲ್ಲು ಜನವರಿಯಲ್ಲಿ ಬರುತ್ತದೆ ಎಂದಿಟ್ಟುಕೊಂಡರೆ, ಜೂನ್‌ನಿಂದ ಡಿಸೆಂಬರ್‌ವರೆಗೆ ಬರುವುದಕ್ಕಿಂತ ತಿಂಗಳಿಗೆ 1,100 ಹೆಚ್ಚು ಹೋಗುತ್ತದೆ; ಏಳು ತಿಂಗಳಿಗೆ 7,700, ತುರ್ತಿನ 4,400 ಸೇರಿ 12,100. ಜೂನ್ 1ಕ್ಕೆ ಖಾತೆಯಲ್ಲಿ ಇಷ್ಟಿಲ್ಲದಿದ್ದರೆ ಹಾಸ್ಟೆಲ್ಲಿನವರಿಗೆ ಮಾತು ಕೊಡುವ ಮೊದಲೇ ಮೊತ್ತ ಇಳಿಸಿ. ಇಳಿಸುವುದಾದರೆ ಜೂನ್‌ನಲ್ಲಿ ಇಳಿಸಬೇಕು. ನಡುವರ್ಷ ನಿಲ್ಲಿಸಿದರೆ ಪೆಟ್ಟು ಬೀಳುವುದು ಹುಡುಗನ ಓದಿಗೆ. 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜ ದೇಸಾಯಿಯವರು ಆಸ್ತಿಯನ್ನೇ ವಿದ್ಯೆಗೆ ಬರೆದಿಟ್ಟರು. ಅಂಥ ನಿಧಿ ಕಟ್ಟಲಾಗದ ಮನೆಗೆ ಈ 6,600 ಅದೇ ಕೆಲಸವನ್ನು ಸಣ್ಣದಾಗಿ ಮಾಡುತ್ತದೆ.

ಜಾತ್ರೆಯ ಪಟ್ಟಿ (ವಂತಿಗೆ), ಮದುವೆಯ ಮುಯ್ಯಿ ಎರಡನ್ನೂ ದಾನದಿಂದ ಹೊರಗಿಟ್ಟು ಮೂಲ ಖರ್ಚಿಗೆ ಸೇರಿಸಲಾಗಿದೆ. ಮುಯ್ಯಿ ತಿರುಗಿ ಬರುವ ಹಣ. ಪಟ್ಟಿಗೆ ಊರಲ್ಲಿ ಇಲ್ಲ ಎನ್ನಲಾಗುವುದಿಲ್ಲ. ಮಠದ ದಾಸೋಹಕ್ಕೆ ಕೊಟ್ಟ ಜೋಳ ಮಾತ್ರ ದಾನವೇ. ಆ ದಿನದ ಎಪಿಎಂಸಿ ದರದಲ್ಲಿ ಬೆಲೆ ಕಟ್ಟಿ ಬರೆಯಿರಿ.

ತೆರಿಗೆಯ ಕಾಲಂ ಚಿಕ್ಕದು, ಚಿಕ್ಕದಾಗಿಯೇ ಇರಲಿ. ಹೊಸ ತೆರಿಗೆ ಪದ್ಧತಿಯಲ್ಲಿ ದಾನಕ್ಕೆ ಸಿಗುವ ಕಡಿತ (1961ರ ಆದಾಯ ತೆರಿಗೆ ಕಾಯ್ದೆಯ 80ಜಿ) ಇಲ್ಲ. ಹಳೆಯ ಪದ್ಧತಿಯಲ್ಲೂ ಬಹುಪಾಲು ಟ್ರಸ್ಟುಗಳಿಗೆ ಕೊಟ್ಟದ್ದರಲ್ಲಿ ಅರ್ಧಕ್ಕೆ ಮಾತ್ರ ಕಡಿತ: 20,000 ಕೊಟ್ಟರೆ 10,000, ಶೇ 20ರ ಹಂತದಲ್ಲಿ ಸೆಸ್ ಸೇರಿ ಉಳಿಯುವುದು 2,080. ನಗದು 2,000 ದಾಟಿದರೆ ಕಡಿತವೇ ಇಲ್ಲ, ಜೋಳ, ಬಟ್ಟೆಗೂ ಇಲ್ಲ. ಮೇಲಾಗಿ ಒಟ್ಟು ಆದಾಯದ ಶೇ 10ರ ಮಿತಿ ಲೆಕ್ಕ ಹಾಕುವಾಗ ಕೃಷಿ ಆದಾಯ ಸೇರುವುದಿಲ್ಲ. ಹಾಗಾಗಿ ಎಷ್ಟು ಕೊಡಬೇಕು ಎಂಬುದನ್ನು ತೆರಿಗೆಯ ಅಂಕಿ ತೀರ್ಮಾನಿಸಬಾರದು. ಕಡಿತ ಬೇಕಾದವರು ಸಂಸ್ಥೆಯಿಂದ ದಾನದ ಪ್ರಮಾಣಪತ್ರ (ಆ ಕಾಯ್ದೆಯಡಿ 10ಬಿಇ) ಕೇಳಿ ಪಡೆಯಲೇಬೇಕು. ಸಂಸ್ಥೆ ಅದನ್ನು ಕೊಡುವ ಗಡುವು ಮೇ 31. ದುಡ್ಡು ಪಡೆಯುವಾಗ ಕ್ಯೂಆರ್ ಹಲಗೆ ಮುಂದಿಡುವ ಸಂಸ್ಥೆಗಳು ಆ ಕಾಗದಕ್ಕೆ ಜುಲೈವರೆಗೆ ಅಲೆಸುವುದು ಕೊಡುವ ಮನಸ್ಸನ್ನೇ ಕೆಡಿಸುತ್ತದೆ. ಹಣ ಕಳಿಸಿದ ದಿನವೇ ಪ್ಯಾನ್ ಸಂಖ್ಯೆಯನ್ನೂ ಬರೆದು ಕಳಿಸಿ, ಅರ್ಧ ಜಗಳ ತಪ್ಪುತ್ತದೆ.

ಗೂಗಲ್ ಶೀಟ್ಸ್‌ನಲ್ಲಿ ಒಂದು ಉಪದ್ರವ. ಹಾಳೆಯ ದೇಶ ಅಮೆರಿಕ ಎಂದಿದ್ದರೆ 04/03/2025 ಎಂದು ಬರೆದ ಮಾರ್ಚ್ 4 ಅದರ ಕಣ್ಣಿಗೆ ಏಪ್ರಿಲ್ 3. ದಾನ ಮುಂದಿನ ಆರ್ಥಿಕ ವರ್ಷಕ್ಕೆ ಹಾರುತ್ತದೆ. 25/03 ಅಂತೂ ತಾರೀಖೇ ಅಲ್ಲವೆಂದು ಮೊತ್ತದಿಂದಲೇ ಬಿದ್ದುಹೋಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಮೊದಲು ದೇಶವನ್ನು ಭಾರತ ಮಾಡಿ, ಆಮೇಲೆ ಬ್ಯಾಂಕಿನ ಪಟ್ಟಿ ಅಂಟಿಸಿ. ಆರ್ಥಿಕ ವರ್ಷ ಕಂಡುಹಿಡಿಯಲು ತಾರೀಖನ್ನು ಎಡೇಟ್ (EDATE) ಸೂತ್ರದಿಂದ ಮೂರು ತಿಂಗಳು ಹಿಂದೆ ಸರಿಸಿ ವರ್ಷ ತೆಗೆದರೆ ಸಾಕು.

ಮುಂದಿನ ಕೆಲಸ ರಕ್ತದಾನದ ಹಾಳೆ. ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನದ ಅಂತರ, 45 ಕಿಲೋ ತೂಕ, ಹಿಮೋಗ್ಲೋಬಿನ್ 12.5. ಮನೆಯವರೆಲ್ಲರ ಮುಂದಿನ ತಾರೀಖು ತಾನಾಗಿ ಬರಬೇಕು, ಒಂದೇ ವಾರ ಎಲ್ಲರೂ ಕೊಟ್ಟು ಮುಗಿಸದಂತೆ ಹಂಚಬೇಕು. ಸೂತ್ರ ಅರ್ಧ ಆಗಿದೆ.

ವಿಜಯಪುರದ ತಿಕೋಟಾ ಕಡೆಯ ದ್ರಾಕ್ಷಿಯವರು ಮೂರು ವರ್ಷದ ಸರಾಸರಿ ನಂಬಬೇಡಿ. ಒಂದು ಅಕಾಲ ಮಳೆ ಇಡೀ ತೋಟದ ವರ್ಷ ಅಳಿಸುತ್ತದೆ. ಐದು ವರ್ಷ ಹಿಡಿಯಿರಿ, ಆರಂಭದ ಮೊತ್ತವನ್ನೂ ಮೂರರ ಬದಲು ಆರು ತಿಂಗಳಿಗೆ ಏರಿಸಿ.