ಗೆಳೆಯನ ಮಗ, ನನ್ನ ಸ್ಕೋರ್‌ಬುಕ್

16 ಫೆಬ್ರುವರಿ 2025, ಭಾನುವಾರ, ಮೈಸೂರು

ರಾತ್ರಿ ಹನ್ನೊಂದಾಯಿತು, ನಿದ್ದೆ ಹತ್ತುತ್ತಿಲ್ಲ. ಕಾಲೇಜಿನ ದಿನದಿಂದ ಜೊತೆಗಿರುವ ಗೆಳೆಯನಿಗೆ ಇವತ್ತು ಅವನ ಮಗನ ವಿಷಯ ಹೇಳಿಬಿಟ್ಟೆ. ಹೇಳಬಾರದಿತ್ತು ಅಂತ ಅನ್ನಿಸುತ್ತಿಲ್ಲ. ಆದರೆ ಹೊಟ್ಟೆಯೊಳಗೆ ಏನೋ ಕಲಸಿದ ಹಾಗಿದೆ.

ಹೆಸರು ಬೇಡ. ಹುಡುಗನನ್ನು ಇಲ್ಲಿ ಪುಟ್ಟ ಅನ್ನುತ್ತೇನೆ. ಹದಿಮೂರು ವರ್ಷ. ನನ್ನ ಮಗನೂ ಅದೇ ಕ್ರಿಕೆಟ್ ಟೀಮು. ಪುಟ್ಟ ಒನ್ ಡೌನ್, ಅಂದರೆ ಮೂರನೆಯವನಾಗಿ ಬ್ಯಾಟಿಂಗ್‌ಗೆ ಬರುತ್ತಾನೆ, ಚೆನ್ನಾಗಿ ಆಡುತ್ತಾನೆ. ನಮ್ಮವನು ಒಂಬತ್ತನೆಯವನು, ಫೈನ್ ಲೆಗ್‌ನಲ್ಲಿ ನಿಂತು ಹುಲ್ಲು ಕೀಳುವುದರಲ್ಲಿ ನಿಪುಣ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಇಡೀ ಸೀಸನ್ ನನ್ನ ಬಾಯಿ ಕಟ್ಟಿದ್ದು ಇದೇ. ನಿನ್ನ ಮಗ ಆಡಲ್ಲ, ಅದಕ್ಕೇ ಹೊಟ್ಟೆಕಿಚ್ಚು ಅಂದುಬಿಟ್ಟರೆ? ಹಾಗೆ ಅನ್ನುವವನಲ್ಲ ಅವನು. ಆದರೂ.

ಭಾನುವಾರದ ಮ್ಯಾಚುಗಳಿಗೆ ಸ್ಕೋರ್ ಬರೆಯುವವನು ನಾನು. ಯಾರೂ ಒಪ್ಪಲಿಲ್ಲ ಅಂತ ಒಂದು ಸಲ ಕೂತೆ, ಆ ಕುರ್ಚಿ ನನಗೇ ಖಾಯಂ ಆಯಿತು. ಬೇರೆ ಅಪ್ಪಂದಿರು ತಮ್ಮ ಮಗನ ಆಟ ನೋಡಿ ಉಳಿದ ಹೊತ್ತು ಫೋನ್ ನೋಡಬಹುದು. ಸ್ಕೋರ್ ಬರೆಯುವವನಿಗೆ ಆ ಸುಖ ಇಲ್ಲ. ಪ್ರತಿ ಬಾಲೂ ನೋಡಲೇಬೇಕು. ನೋಡಿದ ಮೇಲೆ ನೋಡಿಲ್ಲ ಅನ್ನುವುದು ಕಷ್ಟ.

ಇವತ್ತು ಆಗಿದ್ದು ಇಷ್ಟು. 17ನೇ ಓವರ್. ಪುಟ್ಟ 38 ಹೊಡೆದಿದ್ದ. ಎದುರು ತುದಿಯಲ್ಲಿ ಟೀಮಿನಲ್ಲೇ ಚಿಕ್ಕ ಹುಡುಗ. ಪ್ಯಾಡು ತೊಡೆಯವರೆಗೆ, ಹೆಲ್ಮೆಟ್ ತಲೆ ಮೇಲೆ ಅಲ್ಲಾಡುತ್ತಿದೆ. ಪುಟ್ಟ ಕವರ್‌ಗೆ ತಳ್ಳಿ 'ಯೆಸ್' ಅಂದ. ನಾಲ್ಕು ಹೆಜ್ಜೆ ಬಂದು 'ನೋ' ಅಂತ ಕೂಗಿ ವಾಪಸ್ ಓಡಿದ. ಅಷ್ಟರಲ್ಲಿ ಆ ಪುಟಾಣಿ ಅರ್ಧ ಪಿಚ್ ದಾಟಿ ಬಂದಿದ್ದ. ತಿರುಗುವಾಗ ಮ್ಯಾಟ್ ಮೇಲೆ ಜಾರಿ ಬಿದ್ದ. ರನ್ ಔಟ್.

ಪುಟ್ಟ ಬ್ಯಾಟನ್ನು ಅವನ ಕಡೆಗೆ ಚಾಚಿದ. "ಕಿವಿ ಕೇಳಲ್ವಾ ನಿಂಗೆ? ಓಡೋಕೂ ಬರಲ್ಲ, ಯಾಕೋ ಬರ್ತೀಯ ಆಡೋಕೆ?" ಶಾಮಿಯಾನದವರೆಗೂ ಕೇಳಿಸಿತು. ಆ ಹುಡುಗ ಬಂದು ಹೆಲ್ಮೆಟ್ ತೆಗೆಯದೆ ಹಾಗೇ ಕೂತ. ತುಂಬಾ ಹೊತ್ತು ತೆಗೆಯಲಿಲ್ಲ. ಗ್ರಿಲ್ ಹಿಂದೆ ಅಳುತ್ತಿದ್ದ ಅಂತ ಆಮೇಲೆ ಗೊತ್ತಾಯಿತು. ನಾನು ಅವನ ಹೆಸರಿನ ಮುಂದೆ 'ರನ್ ಔಟ್, 4' ಅಂತ ಬರೆದೆ. ಯಾರ ತಪ್ಪಿನಿಂದ ಅಂತ ಬರೆಯೋಕೆ ಸ್ಕೋರ್‌ಬುಕ್ಕಿನಲ್ಲಿ ಜಾಗ ಇಲ್ಲ.

ಎರಡು ಓವರ್ ಕಳೆದು ಪುಟ್ಟನೇ ಎಲ್‌ಬಿಡಬ್ಲ್ಯು, ಅಂದರೆ ವಿಕೆಟ್‌ಗೆ ಹೋಗುವ ಬಾಲು ಕಾಲಿಗೆ ತಾಗಿ ಔಟು. ಕದಲಲಿಲ್ಲ. ಬ್ಯಾಟಿಗೆ ತಾಗಿದೆ ಅನ್ನುವ ಹಾಗೆ ಅಂಪೈರಿಗೆ ಬ್ಯಾಟಿನ ಅಂಚು ತೋರಿಸಿದ. ಆಮೇಲೆ ಬಂದು ಶಾಮಿಯಾನದ ಪ್ಲಾಸ್ಟಿಕ್ ಕುರ್ಚಿಗೆ ಬ್ಯಾಟಿನಿಂದ ಬಾರಿಸಿದ, ಕುರ್ಚಿಯ ಕಾಲು ಮುರಿಯಿತು. 2017ರ ಅಕ್ಟೋಬರ್‌ನಿಂದ ಕ್ರಿಕೆಟ್ ನಿಯಮದಲ್ಲೇ ಇದಕ್ಕೆ ಮದ್ದಿದೆ. ಅಂಪೈರ್ ಕೊಟ್ಟ ತೀರ್ಪಿಗೆ ಮುನಿಸು ತೋರಿಸಿದರೆ, ಸಾಮಾನು ಬೇಕಂತಲೇ ಹಾಳು ಮಾಡಿದರೆ ಮೊದಲ ಸಲ ಎಚ್ಚರಿಕೆ, ಅದೇ ಟೀಮಿನವರು ಮತ್ತೆ ಮಾಡಿದರೆ ಎದುರು ಟೀಮಿಗೆ 5 ರನ್. ಆದರೆ ನಮ್ಮ ಅಂಪೈರ್ ಇನ್ನೂ ಮೀಸೆ ಚಿಗುರದ ಹುಡುಗ, ಪಾಪ. ಕೋಚ್ ಕುರ್ಚಿ ನೋಡಿದರು, ಪುಟ್ಟನನ್ನು ನೋಡಿದರು, "ನೀರ್ ಕುಡಿಯಪ್ಪ" ಅಂದರು. ಟೀಮಲ್ಲಿ ರನ್ ಹೊಡೆಯುವವನು ಅವನೊಬ್ಬನೇ ತಾನೆ.

ಐದು ನಿಮಿಷಕ್ಕೆ ಪುಟ್ಟ ನನ್ನ ಹೆಗಲ ಹಿಂದೆ. "ಅಂಕಲ್, ನಂದು 41ಆ, 42ಆ? ಆ ಲೆಗ್ ಬೈ ನನ್ ಬ್ಯಾಟಿಗೆ ತಾಗಿತ್ತು." ಲೆಗ್ ಬೈ ಅಂದರೆ ಬಾಲು ಮೈಗೆ ತಾಗಿ ಬಂದ ರನ್, ಟೀಮಿಗೆ ಸೇರುತ್ತೆ, ಆಡಿದವನ ಹೆಸರಿಗೆ ಅಲ್ಲ. ಟೀಮಿನ ಸ್ಕೋರ್ ಎಷ್ಟು ಅಂತ ಕೇಳಲಿಲ್ಲ. 9 ರನ್ನಿಂದ ಸೋತೆವು.

ಸಂಜೆ ಗೆಳೆಯನ ಮನೆಗೆ ಹೊರಟಾಗ ನನ್ನ ಹೆಂಡತಿ ಹೇಳಿದಳು, "ನಾಲ್ಕೇ ಮಾತಲ್ಲಿ ಹೇಳಿ ಬಂದ್ಬಿಡಿ. ಸುತ್ತಿ ಬಳಸಿ ಹೇಳ್ಬೇಡಿ." ನಾನು ಮಾಡಿದ್ದು ಆ ಸುತ್ತಿ ಬಳಸುವುದನ್ನೇ. ಕಾಫಿ ಬಂತು, ಕೋಡುಬಳೆ ಬಂತು, ನಾನು ಪುಟ್ಟನ ಕವರ್ ಡ್ರೈವ್ ಹೊಗಳುತ್ತಾ ಹತ್ತು ನಿಮಿಷ ಕಳೆದೆ. ಗೆಳೆಯನ ಮುಖ ಅರಳಿತು. ಇನ್ನು ತಡ ಮಾಡಿದರೆ ಹೇಳೋಕೇ ಆಗಲ್ಲ ಅಂತ ಒಂದೇ ಉಸಿರಿಗೆ ಹೇಳಿದೆ: ಜೊತೆ ಹುಡುಗರಿಗೆ ಅವನು ಮಾತಾಡುವ ರೀತಿ ಸರಿ ಇಲ್ಲ ಕಣೋ, ಹುಡುಗರು ಅವನ ಜೊತೆ ಬ್ಯಾಟಿಂಗ್‌ಗೆ ಹೋಗೋಕೆ ಹೆದರುತ್ತಾರೆ.

"ಅದು ಛಲ ಕಣೋ. ಅದಿಲ್ದಿದ್ರೆ ಮೇಲೆ ಹೋಗೋಕಾಗಲ್ಲ. ಕೊಹ್ಲಿ ನೋಡು," ಅಂದ.

ಕೊಹ್ಲಿ ಸಿಟ್ಟು ಮಾಡುವುದು ಎಲ್ಲರಿಗೂ ಕಾಣುತ್ತೆ, ಜೊತೆಯವನ ಒಂದು ರನ್ನಿಗೂ ಪ್ರಾಣ ಬಿಟ್ಟು ಓಡುವುದು ಯಾರಿಗೂ ಕಾಣಲ್ಲ ಅಂತ ಹೇಳಬೇಕಿತ್ತು. ಅದು ಈಗ ಹೊಳೆಯುತ್ತಿದೆ. ಆಗ ಬಾಯಿಗೆ ಬಂದಿದ್ದು ನಮ್ಮಪ್ಪ ಹೇಳುತ್ತಿದ್ದ ವಿಶಿ, ಅಂದರೆ ಜಿ.ಆರ್. ವಿಶ್ವನಾಥ್ ಕಥೆ. ಅಪ್ಪ ಅದನ್ನು ಗ್ರಹಣದಿಂದ ಶುರು ಮಾಡುತ್ತಿದ್ದರು. 1980, ಇದೇ ಫೆಬ್ರುವರಿ 16, ಹುಬ್ಬಳ್ಳಿ ಕಡೆ ಹಗಲಲ್ಲೇ ಕತ್ತಲಾಗಿತ್ತು. ಮುಂಬೈಯಲ್ಲಿ ಇಂಗ್ಲೆಂಡ್ ಜೊತೆ ನಡೆಯುತ್ತಿದ್ದ ಟೆಸ್ಟಿಗೆ ಆವತ್ತು ರಜೆ. ನಮ್ಮ ಭದ್ರಾವತಿಯ ವಿಶ್ವನಾಥ್ ಕ್ಯಾಪ್ಟನ್. ಆ ಮ್ಯಾಚಲ್ಲಿ ಇಂಗ್ಲೆಂಡಿನ 5 ವಿಕೆಟ್ 58 ರನ್ನಿಗೇ ಬಿದ್ದಿತ್ತು. ಆಮೇಲೆ ಬಾಬ್ ಟೇಲರ್‌ಗೆ ಅಂಪೈರ್ ಕ್ಯಾಚ್ ಔಟ್ ಕೊಟ್ಟರು. ಬ್ಯಾಟಿಗೆ ತಾಗಿಲ್ಲ ಅಂತ ವಿಶಿಗೆ ಅನ್ನಿಸಿತು, ವಾಪಸ್ ಕರೆಸಿದರು. ಟೇಲರೂ ಬೋಥಮ್ಮೂ ಸೇರಿ 171 ರನ್ ಕೂಡಿಸಿದರು.

"ಸೋತ್ರು ತಾನೆ?" ಅಂದ ಗೆಳೆಯ.

"ಹೂಂ. 10 ವಿಕೆಟ್‌ನಿಂದ."

"ವಿಶಿ ಮತ್ತೆ ಕ್ಯಾಪ್ಟನ್ ಆದ್ರಾ?"

ಆಗಲಿಲ್ಲ. ಅದು ಅವರು ಕ್ಯಾಪ್ಟನ್ ಆಗಿದ್ದ ಎರಡನೇ ಟೆಸ್ಟು, ಕೊನೆಯದೂ ಅದೇ. ನನ್ನ ಕಥೆಗೆ ನಾನೇ ಔಟಾದೆ.

"ಅಷ್ಟಕ್ಕೂ ಅದು ಆ ಹುಡುಗನದೇ ತಪ್ಪು," ಅಂದು ಗೆಳೆಯ ಫೋನ್ ತೆಗೆದ. "ತಾಳು, ವಿಡಿಯೋ ಇದೆ." ಥರ್ಡ್ ಅಂಪೈರ್ ಥರ, ಅವನ ಹೆಂಡತಿಯೂ ಸೇರಿ ಮೂವರೂ ಫೋನಿಗೆ ಬಗ್ಗಿದೆವು. ಕವರ್‌ಗೆ ಹೊಡೆತ. ಯೆಸ್. ನೋ. ಪುಟಾಣಿ ಬಿದ್ದ. ಪುಟ್ಟ ಬಾಯಿ ತೆಗೆಯುವ ಮೊದಲೇ, ಫೋನಿಗೆ ತೀರ ಹತ್ತಿರದಿಂದ ಒಂದು ದನಿ: "ಥೂ! ಈ ದಂಡಪಿಂಡನ್ನ ಯಾಕಾದ್ರೂ ಕಳಿಸ್ತಾರೋ!"

ಗೆಳೆಯನ ದನಿ.

ಅವನು ವಿಡಿಯೋ ನಿಲ್ಲಿಸಲಿಲ್ಲ. ಬೆರಳು ಅಲ್ಲೇ ಇತ್ತು, ಒತ್ತಲಿಲ್ಲ. ಅದು ತಾನಾಗಿ ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು. ಅವನ ಹೆಂಡತಿ ಲೋಟ ಎತ್ತಿಕೊಂಡರು. "ಮೊನ್ನೆ ಕೇರಂನಲ್ಲಿ ತಂಗಿ ಗೆದ್ದಳು ಅಂತ ಬೋರ್ಡೇ ಮಗುಚಿ ಹಾಕಿದ," ಅಂದರು, ನನ್ನ ಕಡೆ ತಿರುಗಿ. "ನಾನು ಹೇಳಿದ್ರೆ ನಂಗೆ ಆಟ ಗೊತ್ತಿಲ್ಲ ಅಂತಾರೆ, ಅಪ್ಪ ಮಗ ಇಬ್ಬರೂ." ಒಳಗೆ ಹೋದರು.

ನಾನು ಹುಡುಗನ ವಿಷಯ ಮಾತಾಡಲು ತಯಾರಾಗಿ ಹೋಗಿದ್ದೆ. ಅಪ್ಪನ ವಿಷಯಕ್ಕೆ ತಯಾರಾಗಿರಲಿಲ್ಲ. ನಿಜ ಹೇಳಬೇಕೆಂದರೆ ಬೌಂಡರಿ ಪಕ್ಕದಿಂದ ಆ ದನಿ ನನಗೆ ಪ್ರತಿ ಭಾನುವಾರ ಕೇಳುತ್ತದೆ. ಇಷ್ಟು ದಿನ ತಮಾಷೆ ಅಂದುಕೊಂಡು ನಕ್ಕಿದ್ದೇನೆ. ಒಂದೆರಡು ಸಲ ಜೋರಾಗಿಯೇ.

"ಕೋಡುಬಳೆ ತಗೋ," ಅಂದ. ತಗೊಂಡೆ. ಇಪ್ಪತ್ತು ನಿಮಿಷ ಮನೆ ಸಾಲ, ಬಿಸಿಲು, ಪರೀಕ್ಷೆ ಅಂತ ಮಾತಾಡಿದೆವು. ಯಾವಾಗಲೂ ಗೇಟಿನವರೆಗೆ ಬಂದು ಗಾಡಿ ಹಿಡಿದು ಅರ್ಧ ಗಂಟೆ ನಿಲ್ಲಿಸಿಕೊಳ್ಳುವವನು ಇವತ್ತು ಬಾಗಿಲಲ್ಲೇ ನಿಂತ.

ಮನೆಗೆ ಬಂದು ಮಗನನ್ನು ಕೇಳಿದೆ. "ನಂಗೂ ಹಾಗೇ ಬೈತಾನೆ," ಅಂದ, ಹೋಂವರ್ಕ್‌ನಿಂದ ತಲೆ ಎತ್ತದೆ. "ಅಂಕಲ್‌ಗೆ ಹೇಳ್ಬೇಡಿ ಅಪ್ಪ." ಹೇಳಿ ಬಂದೆ ಅಂತ ಅವನಿಗೆ ತಿಳಿಸಲಿಲ್ಲ.

ಈಗ ಹತ್ತೂ ಮುಕ್ಕಾಲಿಗೆ ಗೆಳೆಯನ ಮೆಸೇಜ್ ಬಂತು. "ಆ ಕುರ್ಚಿ ಎಷ್ಟಂತೆ? ಫೋನ್‌ಪೇ ಮಾಡ್ತೀನಿ."

ಇದು ಕೋಪವೋ, ರಾಜಿಯೋ ಗೊತ್ತಾಗಲಿಲ್ಲ. "ದುಡ್ಡು ನೀನು ಕಳಿಸಬೇಡ, ಪುಟ್ಟನ ಕೈಯಲ್ಲೇ ಕೊಡಿಸು" ಅಂತ ಟೈಪ್ ಮಾಡಿದೆ. ಅಳಿಸಿದೆ. ಮತ್ತೆ ಟೈಪ್ ಮಾಡಿದೆ. ಕೊನೆಗೆ "ಕೇಳಿ ಹೇಳ್ತೀನಿ" ಅಂತಷ್ಟೇ ಕಳಿಸಿದೆ.